ಪೆಟ್‌ಕ್ಲಿನಿಕ್‌ನ ಪುಟಗಳು ಯಾರಿಗೆ? ಜಾವಾ ವೆಬ್ ಫ್ರೇಮ್‌ವರ್ಕ್ ಆಯ್ಕೆಯ ಒಂದು ಪ್ರಕರಣ ಅಧ್ಯಯನ

ಜಾವಾದಲ್ಲಿ ವೆಬ್ ಕೆಲಸ ಮಾಡುವವರಿಗೆ ಪೆಟ್‌ಕ್ಲಿನಿಕ್ ಗೊತ್ತಿರುತ್ತದೆ. ಸ್ಪ್ರಿಂಗ್ ಅನ್ನುವ ಜಾವಾ ಫ್ರೇಮ್‌ವರ್ಕ್ ಕಲಿಯಲು ಕೂತವರು ಒಮ್ಮೆಯಾದರೂ ಇಳಿಸಿಕೊಂಡು ಓಡಿಸಿ ನೋಡುವ ಮಾದರಿ ಆ್ಯಪ್ ಅದು. ಒಂದು ಪ್ರಾಣಿಗಳ ಆಸ್ಪತ್ರೆ. 6 ಜನ ಡಾಕ್ಟರು, 10 ಜನ ಮಾಲೀಕರು, 13 ಸಾಕುಪ್ರಾಣಿಗಳು. ಪಟ್ಟಿಯಲ್ಲಿ ಮೊದಲು ಬರುವವರು ಜಾರ್ಜ್ ಫ್ರಾಂಕ್ಲಿನ್, ಅವರ ಬೆಕ್ಕಿನ ಹೆಸರು ಲಿಯೋ. ಎಲ್ಲವೂ ಕಲ್ಪನೆಯ ಹೆಸರುಗಳು, ಆದರೆ ಸಾವಿರಾರು ಡೆವಲಪರ್‌ಗಳಿಗೆ ಪಕ್ಕದ ಮನೆಯವರಷ್ಟು ಪರಿಚಯ.

ಡಿಸೈನರ್‌ಗೂ ಡೆವಲಪರ್‌ಗೂ ಒಟ್ಟಿಗೆ ಹೊಂದುವ ಜಾವಾ ಫ್ರೇಮ್‌ವರ್ಕ್ ಯಾವುದು ಅನ್ನುವ ಹಳೇ ಪ್ರಶ್ನೆಗೆ ನಾನು ಇದನ್ನೇ ಪ್ರಕರಣವಾಗಿ ಎತ್ತಿಕೊಂಡಿದ್ದೇನೆ. ಯಾವುದೋ ಕಂಪನಿಯೊಳಗಿನ ಕತೆ ಹೇಳಿದರೆ ನೀವು ಸುಮ್ನೆ ನಂಬಬೇಕಾಗುತ್ತದೆ. ಪೆಟ್‌ಕ್ಲಿನಿಕ್‌ನ ಕೋಡ್ ಎಲ್ಲರಿಗೂ ತೆರೆದಿದೆ. ಒಂದೇ ಪುಟ ಮೊದಲು ಜೆಎಸ್‌ಪಿಯಲ್ಲಿತ್ತು, ಆಮೇಲೆ ಥೈಮ್‌ಲೀಫ್‌ಗೆ ಬಂತು; ಎರಡೂ ಸರ್ವರ್‌ನಲ್ಲಿ ಡೇಟಾ ತುಂಬಿ ಎಚ್‌ಟಿಎಂಎಲ್ ಪುಟ ತಯಾರಿಸುವ ಟೆಂಪ್ಲೇಟ್ ವಿಧಾನಗಳು. ಎರಡೂ ರೂಪಗಳು ಈಗಲೂ ಸಿಗುತ್ತವೆ. ಅಕ್ಕಪಕ್ಕ ಇಟ್ಟು ನೋಡಬಹುದು.

ಮೊದಲಿದ್ದ ಸ್ಥಿತಿ

ಜೆಎಸ್‌ಪಿ ಬಂದದ್ದು 1999ರಲ್ಲಿ. ಎಚ್‌ಟಿಎಂಎಲ್ ನಡುವೆ ಜಾವಾ ಬರೆಯುವ ವಿಧಾನ. ಅದು ಬೇಗನೇ ಕಲಸುಮೇಲೋಗರ ಆಗುತ್ತದೆ ಅಂತ ಗೊತ್ತಾಗಿ 2002ರಲ್ಲಿ ಜೆಎಸ್‌ಟಿಎಲ್ ಟ್ಯಾಗ್‌ಗಳು ಬಂದವು. ಪುಟದಲ್ಲಿ ಜಾವಾ ಕೋಡ್ ಬೇಡ, ಬರೀ ಟ್ಯಾಗ್ ಇರಲಿ, ಟ್ಯಾಗ್ ಆದರೆ ಡಿಸೈನರ್‌ಗೂ ಅರ್ಥವಾಗುತ್ತದೆ ಅನ್ನುವುದು ಆಗಿನ ಲೆಕ್ಕಾಚಾರ. ಕೇಳಲು ಚೆನ್ನಾಗಿಯೇ ಇದೆ.

ಈಗ ಪೆಟ್‌ಕ್ಲಿನಿಕ್‌ನ ಜೆಎಸ್‌ಪಿ ಆವೃತ್ತಿಯಲ್ಲಿ ಮಾಲೀಕರ ಪಟ್ಟಿಯ ಪುಟವನ್ನು ತೆಗೆದುಕೊಳ್ಳಿ. ಕೋಡ್ ಅಚ್ಚುಕಟ್ಟಾಗಿದೆ. ಹೊರಗೊಂದು ಲೇಔಟ್ ಟ್ಯಾಗ್, ಒಳಗೊಂದು ಟೇಬಲ್, ಅದರಲ್ಲಿ ಒಬ್ಬೊಬ್ಬ ಮಾಲೀಕರಿಗೂ ಒಂದು ಸಾಲು ಹುಟ್ಟಿಸುವ ಫಾರ್‌ಈಚ್ ಟ್ಯಾಗ್, ಹೆಸರು ತೋರಿಸಲು ಔಟ್ ಟ್ಯಾಗ್. ಡೆವಲಪರ್ ಕಣ್ಣಿಗೆ ಹಾಯಾಗಿದೆ. ಇದೇ ಫೈಲನ್ನು ಡಿಸೈನರ್‌ಗೆ ಕಳಿಸಿ ನೋಡಿ. ಅವಳು ಹೆಸರು ಬದಲಿಸಿ ಬ್ರೌಸರ್‌ನಲ್ಲಿ ತೆರೆದರೆ ಮೇಲುಗಡೆ ಟ್ಯಾಗ್‌ಲಿಬ್ ಸಾಲುಗಳು ಅಕ್ಷರಗಳಾಗಿಯೇ ಕಾಣುತ್ತವೆ. ಫಾರ್‌ಈಚ್ ಅಂದರೆ ಏನು ಅಂತ ಬ್ರೌಸರ್‌ಗೆ ಗೊತ್ತಿಲ್ಲ. ಔಟ್ ಟ್ಯಾಗ್‌ನ ವಿಷಯ ಆಟ್ರಿಬ್ಯೂಟ್ ಒಳಗೆ ಇರುವುದರಿಂದ ಹೆಸರಿನ ಜಾಗ ಖಾಲಿ. ಸಿಎಸ್‌ಎಸ್ ಇಲ್ಲವೇ ಇಲ್ಲ, ಯಾಕೆಂದರೆ ಅದನ್ನು ತರುವುದು ಲೇಔಟ್ ಟ್ಯಾಗ್, ಆ ಟ್ಯಾಗ್ ಕೆಲಸ ಮಾಡುವುದು ಸರ್ವರ್‌ನಲ್ಲಿ ಮಾತ್ರ.

ಅಂದರೆ ಡಿಸೈನರ್ ಕೊಟ್ಟ ಎಚ್‌ಟಿಎಂಎಲ್ ಒಮ್ಮೆ ಜೆಎಸ್‌ಪಿ ಆಯಿತೋ, ಅದು ವಾಪಸ್ ಅವಳ ಕೈಗೆ ಹೋಗುವುದಿಲ್ಲ. ಅವಳ ಬಳಿ ಹಳೇ ಎಚ್‌ಟಿಎಂಎಲ್ ಇರುತ್ತದೆ, ಡೆವಲಪರ್ ಬಳಿ ಬದಲಾದ ಜೆಎಸ್‌ಪಿ ಇರುತ್ತದೆ. ಮುಂದಿನ ಸಲ ಬಟನ್ ಜಾಗ ಬದಲಿಸಬೇಕು ಅಂದರೆ ಅವಳು ತನ್ನ ಫೈಲ್ ತಿದ್ದಿ ಕಳಿಸುತ್ತಾಳೆ, ಇವನು ಎರಡನ್ನೂ ಕಣ್ಣಲ್ಲೇ ಹೋಲಿಸಿ ತನ್ನ ಫೈಲ್‌ಗೆ ಇಳಿಸುತ್ತಾನೆ. ಜಾವಾ ವೆಬ್ ಯೋಜನೆಗಳಲ್ಲಿ ಕೆಲಸ ಮಾಡಿದವರಿಗೆ ಈ ಡ್ಯೂಟಿ ಗೊತ್ತೇ ಇದೆ. ಯಾರಿಗೂ ಇಷ್ಟವಿಲ್ಲದ ಕೆಲಸ. ಅದಕ್ಕೇ ಪ್ಯಾಡಿಂಗ್ 2 ಪಿಕ್ಸೆಲ್ ಆಚೀಚೆ ಆಗಿ ಜಗಳ ಆಗುವುದು.

ಡೆವಲಪರ್ ಕಡೆಗೂ ಜೆಎಸ್‌ಪಿ ಒಂದು ತಲೆನೋವು ಇಟ್ಟಿತ್ತು. ಸರ್ವರ್ ಓಡಿಸದೆ ಪುಟಗಳನ್ನು ಪರೀಕ್ಷಿಸುವ ಸ್ಪ್ರಿಂಗ್‌ನ ಮಾಕ್‌ಎಂವಿಸಿ ಟೆಸ್ಟ್‌ಗಳಲ್ಲಿ ಜೆಎಸ್‌ಪಿ ನಿಜವಾಗಿ ರೆಂಡರ್ ಆಗುವುದೇ ಇಲ್ಲ. ಜೆಎಸ್‌ಪಿಯನ್ನು ಓಡಿಸುವ ಸರ್ವ್ಲೆಟ್ ಕಂಟೈನರ್ ಅಲ್ಲಿ ಇಲ್ಲದ ಕಾರಣ, ‘ಇಂಥ ಪುಟಕ್ಕೆ ಫಾರ್ವರ್ಡ್ ಆಯಿತು’ ಅನ್ನುವಷ್ಟಕ್ಕೆ ಟೆಸ್ಟ್ ನಿಲ್ಲುತ್ತದೆ. ಪುಟದೊಳಗೆ ಹೆಸರು ತಪ್ಪಿದ್ದರೂ ಟೆಸ್ಟ್ ಹಸಿರು.

ಮುಂದಿದ್ದ ದಾರಿಗಳು

ಪೆಟ್‌ಕ್ಲಿನಿಕ್ ಸ್ಪ್ರಿಂಗ್ ಕಲಿಸಲು ಇರುವ ಆ್ಯಪ್. ಹಾಗಾಗಿ ಸ್ಪ್ರಿಂಗ್‌ನ ವೆಬ್ ಭಾಗವಾದ ಸ್ಪ್ರಿಂಗ್ ಎಂವಿಸಿಯನ್ನೇ ಬಿಟ್ಟು ಬೇರೆ ಫ್ರೇಮ್‌ವರ್ಕ್‌ಗೆ ಹೋಗುವ ಮಾತು ಅದಕ್ಕೆ ಅನ್ವಯಿಸುವುದಿಲ್ಲ. ಆದರೆ ಇದೇ ಪುಟಗಳನ್ನು ಇಟ್ಟುಕೊಂಡು ಬೇರೊಂದು ತಂಡ ಆಯ್ಕೆಗೆ ಕೂತಿದ್ದರೆ? ಜಾವಾ ಲೋಕದಲ್ಲಿ ಇದಕ್ಕೆ ಉತ್ತರ ಹುಡುಕಿದವರು ಬಹಳ ಜನ.

ಮೊದಲಿಗರಲ್ಲಿ ಒಬ್ಬರು ಟೇಪೆಸ್ಟ್ರಿ ಅನ್ನುವ ಫ್ರೇಮ್‌ವರ್ಕ್ ಬರೆದ ಹೋವರ್ಡ್ ಲೂಯಿಸ್ ಶಿಪ್. ಅವರ ಉಪಾಯ ಸರಳ. ಹೊಸ ಟ್ಯಾಗ್ ಹುಟ್ಟಿಸಬೇಡಿ, ಇರುವ ಎಚ್‌ಟಿಎಂಎಲ್ ಟ್ಯಾಗ್‌ಗೇ ಒಂದು ಆಟ್ರಿಬ್ಯೂಟ್ ಅಂಟಿಸಿ. ಬ್ರೌಸರ್ ಪರಿಚಯವಿಲ್ಲದ ಆಟ್ರಿಬ್ಯೂಟನ್ನು ಗಮನಿಸದೆ ಮುಂದೆ ಹೋಗುತ್ತದೆ. ಹಾಗಾಗಿ ಅದೇ ಫೈಲು ಡಿಸೈನರ್‌ಗೆ ಮಾಮೂಲಿ ಪುಟ, ಸರ್ವರ್‌ಗೆ ಟೆಂಪ್ಲೇಟ್. ಪಟ್ಟಿ ಹೇಗೆ ಕಾಣುತ್ತದೆ ಅಂತ ನೋಡಲು ಡಿಸೈನರ್ ನಾಲ್ಕು ಸುಳ್ಳು ಸಾಲು ಹಾಕಿದ್ದರೆ, ಅದಕ್ಕೆ ‘ರಿಮೂವ್’ ಅಂತ ಗುರುತು ಹಾಕಿದರಾಯಿತು. ಓಡುವಾಗ ಆ ಸಾಲುಗಳು ಮಾಯ. ಆಮೇಲೆ ಬಂದ ವಿಕೆಟ್ ಫ್ರೇಮ್‌ವರ್ಕ್‌ನಲ್ಲೂ ಇದೇ ಕೆಲಸಕ್ಕೆ ರಿಮೂವ್ ಟ್ಯಾಗ್ ಇದೆ. ಥೈಮ್‌ಲೀಫ್‌ನಲ್ಲಿ ‘ಮೊದಲನೆಯದು ಬಿಟ್ಟು ಉಳಿದೆಲ್ಲ ತೆಗೆ’ ಅನ್ನುವ ಸೌಲಭ್ಯವೇ ಇದೆ. ಡಿಸೈನರ್‌ಗೆ ಸುಳ್ಳು ಡೇಟಾ ಬೇಕು ಅಂತ ಮೂರೂ ಕಡೆ ಯೋಚಿಸಿದ್ದಾರೆ. ನನಗೆ ಇದು ಬಹಳ ಇಷ್ಟವಾದ ವಿಷಯ, ಮುಂದೆ ಇಲ್ಲಿಗೇ ಮತ್ತೆ ಬರಬೇಕಾಗುತ್ತದೆ.

ವಿಕೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಡಿಸೈನರ್-ಡೆವಲಪರ್ ಚರ್ಚೆಯಲ್ಲಿ ಅದರ ಹೆಸರು ಬಂದೇ ಬರುತ್ತದೆ. ಜೊನಾಥನ್ ಲಾಕ್ 2004ರ ಸುಮಾರಿಗೆ ಶುರುಮಾಡಿದ್ದು, 2007ರಲ್ಲಿ ಅಪಾಚೆಯ ಪೂರ್ಣ ಯೋಜನೆ ಆಯಿತು. ಎಚ್‌ಟಿಎಂಎಲ್‌ನಲ್ಲಿ ಬರೀ ಒಂದು ವಿಕೆಟ್ ಐಡಿ ಇರುತ್ತದೆ. ಲೂಪ್ ಇಲ್ಲ, ಇಫ್ ಇಲ್ಲ, ಏನೂ ಇಲ್ಲ. ತರ್ಕವೆಲ್ಲ ಜಾವಾ ಕಡೆ. ಪೆಟ್‌ಕ್ಲಿನಿಕ್‌ನ ಪಟ್ಟಿಯನ್ನು ವಿಕೆಟ್‌ನಲ್ಲಿ ಬರೆದರೆ ಆ ಫೈಲು ನೋಡಲು ಡಿಸೈನರ್ ಕೊಟ್ಟ ಮೂಲ ಎಚ್‌ಟಿಎಂಎಲ್‌ನಂತೆಯೇ ಇರುತ್ತದೆ. ಇಷ್ಟು ಶುದ್ಧವಾದ ಟೆಂಪ್ಲೇಟ್ ಜಾವಾದಲ್ಲಿ ಸಿಗುವುದು ಕಷ್ಟ.

ತೊಡಕು ಬರುವುದು ಡಿಸೈನರ್ ಒಂದು ಅಂಶವನ್ನು ಬೇರೆ ಕಡೆ ಸರಿಸಿದಾಗ. ಎಚ್‌ಟಿಎಂಎಲ್‌ನಲ್ಲಿ ಯಾವುದು ಯಾವುದರ ಒಳಗಿದೆಯೋ, ಜಾವಾದ ಕಾಂಪೊನೆಂಟ್‌ಗಳೂ (ಪುಟದ ಒಂದೊಂದು ಭಾಗಕ್ಕೆ ಜಾವಾದಲ್ಲಿರುವ ಜೋಡಿ) ಅದೇ ಕ್ರಮದಲ್ಲಿ ಒಂದರೊಳಗೊಂದು ಇರಬೇಕು ಅನ್ನುವುದು ವಿಕೆಟ್‌ನ ನಿಯಮ. ಫೋನ್ ನಂಬರನ್ನು ಒಂದು ಬಾಕ್ಸ್‌ನಿಂದ ಎತ್ತಿ ಇನ್ನೊಂದು ಬಾಕ್ಸ್‌ಗೆ ಹಾಕಿದರೆ ಬ್ರೌಸರ್‌ನಲ್ಲಿ ಡಬಲ್ ಕ್ಲಿಕ್ ಮಾಡಿದಾಗ ಚೆನ್ನಾಗಿಯೇ ಕಾಣುತ್ತದೆ. ಸರ್ವರ್‌ಗೆ ಹಾಕಿದಾಗ ಎರರ್. 2015ರ ವಿಕೆಟ್ 7ರಲ್ಲಿ ಕಾಂಪೊನೆಂಟ್ ಕ್ಯೂಯಿಂಗ್ ಅಂತ ಬಂದು ಈ ಬಿಗಿ ಸ್ವಲ್ಪ ಸಡಿಲವಾಯಿತು. ಜಾವಾದಲ್ಲಿ ಕ್ರಮ ಹೇಳದೆ ಕಾಂಪೊನೆಂಟ್ ಕೊಟ್ಟರೆ, ಕ್ರಮವನ್ನು ಎಚ್‌ಟಿಎಂಎಲ್ ನೋಡಿ ಅದೇ ತೀರ್ಮಾನಿಸುತ್ತದೆ. ಆದರೆ ತಂಡ ಅದನ್ನು ಮೊದಲಿಂದಲೇ ಬಳಸಿರಬೇಕು.

ಜಾವಾದ ಅಧಿಕೃತ ಕಾಂಪೊನೆಂಟ್ ಫ್ರೇಮ್‌ವರ್ಕ್ ಆದ ಜೆಎಸ್‌ಎಫ್ ಕತೆ ಬೇರೆ. 2004ರಲ್ಲಿ ಬಂದಾಗ ಜೆಎಸ್‌ಪಿ ಮೇಲೇ ಕೂತಿತ್ತು. 2009ರ ಜೆಎಸ್‌ಎಫ್ 2ರಲ್ಲಿ ಫೇಸ್‌ಲೆಟ್ಸ್ ಅನ್ನುವ ಬೇರೆ ಟೆಂಪ್ಲೇಟ್ ವಿಧಾನ ಮುಖ್ಯ ದಾರಿಯಾಯಿತು. ಆದರೂ ಅದರ ಕಾಂಪೊನೆಂಟ್‌ಗಳು ತಮಗೆ ಬೇಕಾದ ಎಚ್‌ಟಿಎಂಎಲ್ ತಾವೇ ಹುಟ್ಟಿಸುತ್ತವೆ, ಐಡಿಗಳ ನಡುವೆ ಕೋಲನ್ ಹಾಕುತ್ತವೆ. ಸಿಎಸ್‌ಎಸ್‌ನಲ್ಲಿ ಕೋಲನ್‌ಗೆ ಬೇರೆ ಅರ್ಥ ಇದೆ, ಅಲ್ವಾ? ಪ್ರತಿ ಕಡೆಯೂ ಬ್ಯಾಕ್‌ಸ್ಲ್ಯಾಶ್ ಹಾಕಿ ಬರೆಯಬೇಕು. ಡಿಸೈನರ್ ಕೈ ಎತ್ತುವುದು ಇಂಥ ಕಡೆಯೇ. ಜಿಡಬ್ಲ್ಯುಟಿ, ವಾಡಿನ್ ಥರದವುಗಳಲ್ಲಿ ಪುಟವನ್ನು ಜಾವಾದಲ್ಲೇ ಕಟ್ಟುವುದು ವಾಡಿಕೆ. ಡಿಸೈನರ್‌ಗೆ ಉಳಿಯುವುದು ಥೀಮ್ ಮಾತ್ರ. ಆಫೀಸಿನ ಒಳಗೆ ಬಳಸುವ ಆ್ಯಪ್‌ಗಳಿಗೆ ಅದೇನೂ ಕೆಟ್ಟ ಆಯ್ಕೆಯಲ್ಲ, ಆದರೆ ಈ ಪ್ರಕರಣಕ್ಕೆ ಸೇರುವುದಿಲ್ಲ.

2016ರ ಬದಲಾವಣೆ

ಸ್ಪ್ರಿಂಗ್ ಬೂಟ್ 1.0 ಬಂದದ್ದು 2014ರಲ್ಲಿ. ಸರ್ವರನ್ನು ಒಳಗೇ ಇಟ್ಟುಕೊಂಡ ಒಂದೇ ಜಾರ್ ಫೈಲು, ಒಂದು ಕಮಾಂಡ್, ಆ್ಯಪ್ ಓಡುತ್ತದೆ. ಹೀಗೆ ಓಡಿಸುವ ಜಾರ್ ಒಳಗೆ ಜೆಎಸ್‌ಪಿ ಕೆಲಸ ಮಾಡುವುದಿಲ್ಲ. ಸಾಧ್ಯವಾದರೆ ಜೆಎಸ್‌ಪಿ ಬಿಡಿ ಅಂತ ಬೂಟ್‌ನ ಅಧಿಕೃತ ಕೈಪಿಡಿಯೇ ಹೇಳಿತು. ಪೆಟ್‌ಕ್ಲಿನಿಕ್‌ನ ಮುಖ್ಯ ಆವೃತ್ತಿ 2016ರಲ್ಲಿ ಬೂಟ್‌ಗೆ ಹೋಯಿತು, ಜೊತೆಗೇ ಪುಟಗಳು ಥೈಮ್‌ಲೀಫ್‌ಗೆ ಹೋದವು. ಜೆಎಸ್‌ಪಿ ರೂಪ ಪ್ರತ್ಯೇಕ ಕವಲಾಗಿ ಉಳಿಯಿತು.

ಇಲ್ಲೊಂದು ಗಮನಿಸಬೇಕಾದ ವಿಷಯ ಇದೆ. ಎರಡೂ ಆವೃತ್ತಿಗಳ ಓನರ್ ಕಂಟ್ರೋಲರ್ (ಯಾವ ಪುಟ ತೋರಿಸಬೇಕು ಅಂತ ತೀರ್ಮಾನಿಸುವ ಜಾವಾ ಕ್ಲಾಸ್) ತೆರೆದು ನೋಡಿ. ಅದು ಕೊನೆಗೆ ಕೊಡುವುದು ಒಂದು ಹೆಸರು ಮಾತ್ರ, ‘ಓನರ್ಸ್ ಫೋಲ್ಡರ್‌ನ ಓನರ್ಸ್‌ಲಿಸ್ಟ್’ ಅಂತ. ಜೆಎಸ್‌ಪಿ ಇದ್ದಾಗಲೂ ಅದೇ ಹೆಸರು, ಥೈಮ್‌ಲೀಫ್ ಬಂದಮೇಲೂ ಅದೇ. ಹುಡುಕುವ ಪುಟ, ವಿವರದ ಪುಟ, ಫಾರ್ಮ್ ಪುಟ ಎಲ್ಲದಕ್ಕೂ ಹೀಗೆಯೇ. ಆ ಹೆಸರಿನ ಹಿಂದೆ ಯಾವ ಟೆಂಪ್ಲೇಟ್ ಎಂಜಿನ್ ಇದೆ ಅಂತ ಕಂಟ್ರೋಲರ್‌ಗೆ ಗೊತ್ತಿಲ್ಲ. ಪುಟ ಬದಲಿಸಲು ಜಾವಾ ಭಾಗವನ್ನು ಕಿತ್ತು ಹಾಕಬೇಕಾಗಲಿಲ್ಲ. ವಿಕೆಟ್‌ಗೆ ಹೋಗಬೇಕಿದ್ದರೆ ಪ್ರತಿ ಪುಟಕ್ಕೂ ಜಾವಾ ಕ್ಲಾಸ್ ಹೊಸದಾಗಿ ಬರೆಯಬೇಕಿತ್ತು. ಟೆಂಪ್ಲೇಟ್ ಎಂಜಿನ್ ಬದಲಿಸುವುದು ಬೇರೆ, ಫ್ರೇಮ್‌ವರ್ಕ್ ಬದಲಿಸುವುದು ಬೇರೆ. ಮೀಟಿಂಗ್‌ಗಳಲ್ಲಿ ಎರಡನ್ನೂ ಒಂದೇ ಪಟ್ಟಿಯಲ್ಲಿಟ್ಟು ಅಂಕ ಕೊಡುವುದನ್ನು ನೋಡಿದಾಗ ನನಗೆ ಕಿರಿಕಿರಿಯಾಗುತ್ತದೆ.

ಥೈಮ್‌ಲೀಫ್ ತನ್ನನ್ನು ತಾನು ಹೊಗಳಿಕೊಳ್ಳುವುದೇ ‘ನ್ಯಾಚುರಲ್ ಟೆಂಪ್ಲೇಟ್’ ಅಂತ. ಟೇಪೆಸ್ಟ್ರಿಯದ್ದೇ ಯೋಚನೆ: ಆಟ್ರಿಬ್ಯೂಟ್ ಅಂಟಿಸಿ, ಒಳಗೆ ಮಾದರಿ ಪಠ್ಯ ಇಡಿ, ಸರ್ವರ್ ಇಲ್ಲದೆಯೂ ಪುಟ ತೆರೆಯಲಿ. ಹಾಗಾದರೆ ಪೆಟ್‌ಕ್ಲಿನಿಕ್‌ನ ಡಿಸೈನರ್ ಸಮಸ್ಯೆ 2016ರಲ್ಲೇ ಮುಗಿಯಿತು ಅಂತ ಅಂದುಕೊಳ್ಳಬೇಕಲ್ಲ?

ಡಬಲ್ ಕ್ಲಿಕ್ ಮಾಡಿದಾಗ

ಮುಗಿಯಲಿಲ್ಲ. ಥೈಮ್‌ಲೀಫ್ ಆವೃತ್ತಿಯ ಓನರ್ಸ್‌ಲಿಸ್ಟ್ ಫೈಲನ್ನು ನೇರವಾಗಿ ಬ್ರೌಸರ್‌ನಲ್ಲಿ ತೆರೆಯಿರಿ. ಕಾಲಂಗಳ ತಲೆಬರಹ ಕಾಣುತ್ತದೆ. ಕೆಳಗೆ ಒಂದೇ ಸಾಲು, ಅದೂ ಖಾಲಿ. ಹೆಸರಿಲ್ಲ, ವಿಳಾಸವಿಲ್ಲ, ಊರಿಲ್ಲ. ಟಿಎಚ್:ಟೆಕ್ಸ್ಟ್ ಅನ್ನುವ ಥೈಮ್‌ಲೀಫ್ ಆಟ್ರಿಬ್ಯೂಟ್ ಹಾಕಿದ್ದಾರೆ, ಆದರೆ ಒಳಗೆ ಮಾದರಿ ಪಠ್ಯವನ್ನು ಇಟ್ಟಿಲ್ಲ. ಪುಟ ಸಂಖ್ಯೆಯ ಕಡೆ ನೋಡಿದರೆ ಜೋಡಿ ಚೌಕ ಆವರಣದೊಳಗೆ ಡಾಲರ್ ಚಿಹ್ನೆ, ಅದರ ಪಕ್ಕ ಐ ಅನ್ನುವ ವೇರಿಯಬಲ್ ಹಾಗೇ ಕಾಣುತ್ತದೆ. ಸಿಎಸ್‌ಎಸ್ ಇಲ್ಲ, ಯಾಕೆಂದರೆ ಈ ಫೈಲಿಗೆ ಹೆಡ್ ಭಾಗವೇ ಇಲ್ಲ. ಇಡೀ ಪುಟವನ್ನು ಲೇಔಟ್ ಫೈಲಿನಿಂದ ಬದಲಿಸು, ಈ ಬಾಡಿಯನ್ನು ಅದರೊಳಗೆ ಕೂರಿಸು ಅಂತ ಮೇಲೆಯೇ ಹೇಳಿದೆ. ಆ ಲೇಔಟ್ ಫೈಲನ್ನು ತೆರೆದರೂ ಅಷ್ಟೇ, ಸಿಎಸ್‌ಎಸ್ ಕೊಂಡಿ ಟಿಎಚ್:ಎಚ್‌ರೆಫ್‌ನಲ್ಲಿ ಮಾತ್ರ ಇದೆ.

ಮಾಲೀಕರನ್ನು ಸೇರಿಸುವ ಫಾರ್ಮ್ ಇನ್ನೂ ತಮಾಷೆ. ಲೇಬಲ್ ಇಲ್ಲದ ಖಾಲಿ ಇನ್‌ಪುಟ್ ಡಬ್ಬಗಳು ಸಾಲಾಗಿ ನಿಂತಿರುತ್ತವೆ. ಪ್ರತಿ ಡಬ್ಬವೂ ‘ನನ್ನನ್ನು ಇನ್‌ಪುಟ್‌ಫೀಲ್ಡ್ ಫ್ರ್ಯಾಗ್ಮೆಂಟ್‌ನಿಂದ ಬದಲಿಸು’ ಅನ್ನುತ್ತದೆ. ಫ್ರ್ಯಾಗ್ಮೆಂಟ್ ಅಂದರೆ ಬೇರೆ ಫೈಲಿನಲ್ಲಿ ಇಟ್ಟಿರುವ ಪುಟದ ತುಂಡು. ಲೇಬಲ್, ಎರರ್ ಸಂದೇಶ, ಬೂಟ್‌ಸ್ಟ್ರಾಪ್ ಅನ್ನುವ ಸಿದ್ಧ ಸಿಎಸ್‌ಎಸ್ ಸಂಗ್ರಹದ ಕ್ಲಾಸ್ ಎಲ್ಲ ಆ ಫ್ರ್ಯಾಗ್ಮೆಂಟ್ ಒಳಗಿವೆ.

ಒಟ್ಟಿನಲ್ಲಿ ಡಿಸೈನರ್ ಕಣ್ಣಿಗೆ ಜೆಎಸ್‌ಪಿ ಆವೃತ್ತಿಗೂ ಥೈಮ್‌ಲೀಫ್ ಆವೃತ್ತಿಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಎಂಜಿನ್ ಬದಲಾಯಿತು, ಬರೆಯುವ ಅಭ್ಯಾಸ ಜೆಎಸ್‌ಪಿಯದ್ದೇ ಉಳಿಯಿತು. ಆಗ ಇನ್‌ಪುಟ್‌ಫೀಲ್ಡ್ ಅನ್ನುವ ಟ್ಯಾಗ್ ಇತ್ತು, ಈಗ ಅದೇ ಹೆಸರಿನ ಫ್ರ್ಯಾಗ್ಮೆಂಟ್ ಇದೆ.

ಇದನ್ನು ಪೆಟ್‌ಕ್ಲಿನಿಕ್‌ನ ತಪ್ಪು ಅಂತ ನಾನು ಹೇಳುವುದಿಲ್ಲ. ಅದರ ಪುಟಗಳನ್ನು ಮುಟ್ಟುವವರು ಬಹುತೇಕ ಪ್ರೋಗ್ರಾಮರ್‌ಗಳೇ. ಒಂದು ವಿಷಯ ಒಂದೇ ಕಡೆ ಬರೆಯಬೇಕು ಅನ್ನುವುದು ನಮ್ಮ ಧರ್ಮ. ಲೇಬಲ್ ಇರುವ ಪೂರ್ತಿ ಮಾದರಿಯನ್ನು ಪ್ರತಿ ಫಾರ್ಮ್‌ನಲ್ಲೂ ಬರೆದಿಟ್ಟರೆ, ನಾಳೆ ಫ್ರ್ಯಾಗ್ಮೆಂಟ್ ಬದಲಾದಾಗ ಆ ಮಾದರಿಗಳೆಲ್ಲ ಹಳಸುತ್ತವೆ. ಹಳಸಿದ್ದು ಯಾರಿಗೂ ಗೊತ್ತಾಗುವುದೂ ಇಲ್ಲ, ಯಾಕೆಂದರೆ ಓಡುವಾಗ ಅವು ಕಾಣುವುದೇ ಇಲ್ಲ. ಡಿಸೈನರ್‌ಗೆ ಬೇಕಾದದ್ದು ಫೈಲಿನಲ್ಲೇ ಎಲ್ಲ ಕಾಣುವುದು. ಡೆವಲಪರ್‌ಗೆ ಬೇಕಾದದ್ದು ಏನೂ ಎರಡು ಕಡೆ ಇರದಿರುವುದು. ಇವೆರಡಕ್ಕೂ ಹೊಂದುವುದಿಲ್ಲ. ಯಾವ ಫ್ರೇಮ್‌ವರ್ಕ್ ತಂದರೂ ಈ ಎಳೆದಾಟ ಇರುತ್ತದೆ.

ಎಷ್ಟು ತಿದ್ದಿದರೆ ಸಾಕು

ಪೂರ್ತಿ ಬದಲಿಸಬೇಕಿಲ್ಲ. ಲೇಔಟ್ ಇಡೀ ಪುಟವನ್ನು ಬದಲಿಸಿ ಬಾಡಿಯನ್ನು ಮಾತ್ರ ಎತ್ತಿಕೊಳ್ಳುತ್ತದೆ ಅಂದೆನಲ್ಲ, ಅದರಿಂದಲೇ ಒಂದು ಅನುಕೂಲ ಇದೆ. ಓನರ್ಸ್‌ಲಿಸ್ಟ್ ಫೈಲಿಗೆ ಒಂದು ಹೆಡ್ ಭಾಗ ಸೇರಿಸಿ, ಅದರಲ್ಲಿ ಪೆಟ್‌ಕ್ಲಿನಿಕ್‌ನ ಸಿಎಸ್‌ಎಸ್‌ಗೆ ಸಾಮಾನ್ಯ ಎಚ್‌ರೆಫ್ ಕೊಂಡಿ ಕೊಡಿ. ಎರಡು ಫೋಲ್ಡರ್ ಮೇಲೆ ಹೋಗಿ ಸ್ಟ್ಯಾಟಿಕ್ ಫೋಲ್ಡರ್ ಒಳಗೆ ಇಳಿಯುವ ದಾರಿ. ಸರ್ವರ್‌ನಲ್ಲಿ ಓಡುವಾಗ ಆ ಹೆಡ್ ಬಿಸಾಕಲ್ಪಡುತ್ತದೆ, ಡಬಲ್ ಕ್ಲಿಕ್ ಮಾಡಿದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಎಲ್ಲಾ ಪುಟಗಳಿಗೂ ಒಂದೇ ಎರಡು ಸಾಲು. ಹಳಸಿದರೂ ನಷ್ಟವಿಲ್ಲ.

ಆಮೇಲೆ ಮಾದರಿ ಸಾಲುಗಳು. ನಿಜವಾದ ಲಾಭ ಇರುವುದು ಇಲ್ಲೇ. ಪೆಟ್‌ಕ್ಲಿನಿಕ್‌ನ ಪಟ್ಟಿಯಲ್ಲಿ ಹೆಸರಿನ ಕಾಲಂ 150 ಪಿಕ್ಸೆಲ್ ಅಂತ ಕಟ್ಟಿಟ್ಟಿದ್ದಾರೆ. ಬೆಟ್ಟಿ ಡೇವಿಸ್‌ಗೆ ಅದು ಧಾರಾಳ. ಅದೇ ಜಾಗದಲ್ಲಿ ‘ಹೊಳೆನರಸೀಪುರದ ಲಕ್ಷ್ಮೀನರಸಿಂಹಮೂರ್ತಿ’ ಅಂತ ಇಟ್ಟು ನೋಡಿ. ಸಾಲು ಮುರಿಯುತ್ತದೆ. ಲೈನ್ ಹೈಟ್ ಬಿಗಿಯಾಗಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಇಂಗ್ಲಿಷ್‌ನಲ್ಲೇ ಪರೀಕ್ಷೆ ಮಾಡಿ ಕನ್ನಡಕ್ಕೆ ಇಳಿಸಿದ ಎಷ್ಟೋ ಸೈಟ್‌ಗಳಲ್ಲಿ ಬಟನ್ ಒಳಗೆ ‘ಕ್ಷ್ಮೀ’ಯ ಬುಡ ಕತ್ತರಿಸಿಹೋಗಿರುವುದನ್ನು ನೀವೂ ನೋಡಿರುತ್ತೀರಿ. ಟೆಂಪ್ಲೇಟ್‌ನಲ್ಲೇ ಮೂರು ಸಾಲು ಹೀಗೆ ಉದ್ದದ ಹೆಸರು, ಖಾಲಿ ಫೋನ್, 4 ಸಾಕುಪ್ರಾಣಿ ಇರುವ ಮಾಲೀಕ ಅಂತ ಇಟ್ಟು, ಮೊದಲನೆಯದು ಬಿಟ್ಟು ಉಳಿದದ್ದು ಓಡುವಾಗ ಹೋಗಲಿ ಅಂತ ಗುರುತು ಹಾಕಿದರೆ, ಡಿಸೈನರ್ ಡೇಟಾಬೇಸ್ ಮುಟ್ಟದೆ ಇದನ್ನೆಲ್ಲ ನೋಡಬಹುದು. ಲೇಬಲ್‌ಗಳಿಗೂ ಕನ್ನಡ ಬೇಕಾದರೆ ಮೆಸೇಜಸ್ ಫೈಲು ಇದೆ. ಬೂಟ್ ಅದನ್ನು ಯುಟಿಎಫ್-8 ಅಂತಲೇ ಓದುತ್ತದೆ, ಹಳೇ ಕಾಲದ ಹಾಗೆ ಪ್ರತಿ ಅಕ್ಷರವನ್ನೂ ಯು ಸಂಖ್ಯೆಯಾಗಿ ಬರೆಯಬೇಕಿಲ್ಲ.

ಫಾರ್ಮ್ ಪುಟಗಳನ್ನು ನಾನು ಮುಟ್ಟುವುದಿಲ್ಲ. ಅದರ ಬದಲು ಇನ್‌ಪುಟ್‌ಫೀಲ್ಡ್ ಫೈಲೊಂದಕ್ಕೇ ಹೆಡ್ ಮತ್ತು ಮಾದರಿ ಪಠ್ಯ ಕೊಟ್ಟು, ಸರಿಯಾದ ಡಬ್ಬ, ತಪ್ಪಾದ ಡಬ್ಬ ಎರಡೂ ಹೇಗೆ ಕಾಣುತ್ತವೆ ಅಂತ ಅಲ್ಲೇ ತೋರಿಸುತ್ತೇನೆ. ಫಾರ್ಮ್ ಪುಟ ಡಬಲ್ ಕ್ಲಿಕ್‌ನಲ್ಲಿ ಅರ್ಧಂಬರ್ಧ ಕಂಡರೆ ಕಾಣಲಿ. ಅದನ್ನು ಪೂರ್ತಿ ನೋಡಬೇಕಾದರೆ ಆ್ಯಪ್ ಓಡಿಸಬೇಕು. ಪೆಟ್‌ಕ್ಲಿನಿಕ್‌ನಲ್ಲಿ ಅದು ಕಷ್ಟವೂ ಅಲ್ಲ: ಡೇಟಾಬೇಸ್ ಮೆಮೊರಿಯಲ್ಲೇ ಎದ್ದು ನಿಲ್ಲುತ್ತದೆ, ಬೂಟ್ 3ರಿಂದ ಜಾವಾ 17 ಇರಬೇಕು ಅಷ್ಟೆ, ಪೋರ್ಟ್ 8080ಕ್ಕೆ ಹೋದರೆ ಪುಟ ರೆಡಿ.

ಡೆವಲಪರ್ ಕಡೆ ಥೈಮ್‌ಲೀಫ್ ಕೊಟ್ಟ ದೊಡ್ಡ ಉಪಕಾರ ಟೆಸ್ಟ್‌ನದ್ದು. ಮಾಕ್‌ಎಂವಿಸಿಯಲ್ಲಿ ಥೈಮ್‌ಲೀಫ್ ಪುಟ ನಿಜವಾಗಿಯೇ ರೆಂಡರ್ ಆಗುತ್ತದೆ. ಡಿಸೈನರ್ ಕೈತಪ್ಪಿ ಓನರ್‌ನ ಫೀಲ್ಡ್ ಹೆಸರೊಂದನ್ನು ತಪ್ಪಾಗಿ ಬರೆದರೆ, ಅಂಥ ಫೀಲ್ಡ್ ಇಲ್ಲ ಅಂತ ಟೆಸ್ಟ್ ಕೆಂಪಾಗುತ್ತದೆ. ಟೆಂಪ್ಲೇಟ್‌ನ ತಪ್ಪನ್ನು ಕಂಪೈಲರ್ ಹಿಡಿಯುವುದಿಲ್ಲ ಅನ್ನುವ ದೂರು ನಿಜ, ಆದರೆ ಪೆಟ್‌ಕ್ಲಿನಿಕ್‌ನಲ್ಲಿ ಮುಖ್ಯ ಪುಟಗಳಿಗೆಲ್ಲ ಕಂಟ್ರೋಲರ್ ಟೆಸ್ಟ್ ಇರುವುದರಿಂದ ಸರ್ವರ್‌ಗೆ ಹೋಗುವ ಮೊದಲೇ ಸಿಕ್ಕಿಬೀಳುತ್ತದೆ. ಡಿಸೈನರ್ ಕೈಗೆ ಗಿಟ್ ಕೊಡಲು ಹೆದರುವ ತಂಡಗಳಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಯಾವ ಡಿಸೈನರ್?

ಇಷ್ಟೆಲ್ಲ ಓದಿ ‘ನಮ್ಮ ಡಿಸೈನರ್ ಎಚ್‌ಟಿಎಂಎಲ್ ಬರೆಯುವುದೇ ಇಲ್ಲ, ಫಿಗ್ಮಾ ಕೊಂಡಿ ಕಳಿಸುತ್ತಾರೆ’ ಅಂತ ನೀವು ಅನ್ನಬಹುದು. ಬೆಂಗಳೂರಿನ ಎಷ್ಟೋ ಆಫೀಸ್‌ಗಳಲ್ಲಿ ಈಗ ಹಾಗೇ ಇದೆ. ಹಾಗಿದ್ದರೆ ಡಬಲ್ ಕ್ಲಿಕ್ ಪರೀಕ್ಷೆಗೆ ಬೆಲೆಯಿಲ್ಲ. ಟೆಂಪ್ಲೇಟ್ ಮುಟ್ಟುವವರು ಡೆವಲಪರ್‌ಗಳೇ ಆದಾಗ, ತಪ್ಪನ್ನು ಕಂಪೈಲ್ ಹಂತದಲ್ಲೇ ಹಿಡಿಯುವ ಜೆಟಿಇಯಂಥ ಎಂಜಿನ್ ಥೈಮ್‌ಲೀಫ್‌ಗಿಂತ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಎಚ್‌ಟಿಎಂಎಲ್, ಸಿಎಸ್‌ಎಸ್ ಎರಡನ್ನೂ ತಾನೇ ಬರೆದು, ವರ್ಷವಿಡೀ ತಂಡದ ಜೊತೆ ಇದ್ದು ಪುಟ ತಿದ್ದುವ ಡಿಸೈನರ್ ಇದ್ದರೆ ಮಾತ್ರ ಥೈಮ್‌ಲೀಫ್ ಅಥವಾ ವಿಕೆಟ್ ತೂಗುತ್ತದೆ. ಈಗಾಗಲೇ ಸ್ಪ್ರಿಂಗ್ ಎಂವಿಸಿ ಇದ್ದರೆ ಥೈಮ್‌ಲೀಫ್. ಹೊಸ ಆ್ಯಪ್, ಫಾರ್ಮ್‌ಗಳು ಜಾಸ್ತಿ, ಡೆವಲಪರ್‌ಗಳಿಗೆ ಎಲ್ಲವನ್ನೂ ಜಾವಾದಲ್ಲೇ ಬರೆಯುವ ಆಸೆ, ಆಗ ವಿಕೆಟ್, ಮೊದಲ ದಿನದಿಂದಲೇ ಕ್ಯೂಯಿಂಗ್ ಜೊತೆ.

ಪೆಟ್‌ಕ್ಲಿನಿಕ್‌ಗೆ ರಿಯಾಕ್ಟ್, ಆ್ಯಂಗ್ಯುಲರ್ ರೂಪಗಳೂ ಇವೆ. ಅಲ್ಲಿ ಜಾವಾ ಬರೀ ಡೇಟಾ ಕೊಡುತ್ತದೆ, ಪುಟದ ಗೊಡವೆ ಅದಕ್ಕಿಲ್ಲ. ಡಬಲ್ ಕ್ಲಿಕ್ ಮಾಡಿದರೆ ಅಲ್ಲೂ ಏನೂ ಕಾಣುವುದಿಲ್ಲ. ಅದು ಬೇರೆಯೇ ಚರ್ಚೆ.

ಇನ್ನೊಂದು ತೊಡಕು ಬಾಕಿ ಇದೆ, ಅದಕ್ಕೂ ಟೆಂಪ್ಲೇಟ್ ಎಂಜಿನ್‌ಗೂ ಸಂಬಂಧ ಇಲ್ಲ. ಪೆಟ್‌ಕ್ಲಿನಿಕ್‌ನ ಸಿಎಸ್‌ಎಸ್ ಹುಟ್ಟುವುದು ಎಸ್‌ಸಿಎಸ್‌ಎಸ್ ಫೈಲಿನಿಂದ, ಸಾಸ್ ಅನ್ನುವ ಟೂಲ್ ಅದನ್ನು ಸಿಎಸ್‌ಎಸ್ ಆಗಿ ಕಂಪೈಲ್ ಮಾಡುತ್ತದೆ. ಬಣ್ಣವೊಂದನ್ನು ಮೂಲದಲ್ಲಿ ಬದಲಿಸಿದರೆ ಜಾವಾ ಬಿಲ್ಡ್ ಟೂಲ್ ಆದ ಮೇವನ್‌ನ ‘ಸಿಎಸ್‌ಎಸ್’ ಅನ್ನುವ ಪ್ರೊಫೈಲ್ ಓಡಿಸಿ ಮತ್ತೆ ಕಂಪೈಲ್ ಮಾಡಬೇಕು. ಬೂಟ್‌ಸ್ಟ್ರಾಪ್ ಫೈಲುಗಳೂ ವೆಬ್‌ಜಾರ್ (ವೆಬ್ ಫೈಲುಗಳನ್ನು ಕಟ್ಟಿಟ್ಟ ಜಾರ್) ಒಳಗಿವೆ, ಮೇವನ್ ಅದನ್ನು ಬಿಚ್ಚಿ ಟಾರ್ಗೆಟ್ ಫೋಲ್ಡರ್‌ನಲ್ಲಿ ಇಟ್ಟಮೇಲೆಯೇ ಸಾಸ್‌ಗೆ ಸಿಗುತ್ತವೆ. ಡಿಸೈನರ್ ದಿನಕ್ಕೆ ಹತ್ತು ಸಲ ಮಾಡುವ ಕೆಲಸಕ್ಕೆ ಜಾವಾದ ಬಿಲ್ಡ್ ಟೂಲ್ ಬೇಕಾಗುತ್ತದೆ. ಈ ಆ್ಯಪ್ ನನ್ನ ತಂಡದ್ದಾಗಿದ್ದರೆ, ಟೆಂಪ್ಲೇಟ್‌ಗಳ ಹೆಡ್ ಸೇರಿಸುವುದಕ್ಕೂ ಮೊದಲು ಸಾಸ್ ಕಂಪೈಲನ್ನು ಮೇವನ್‌ನಿಂದ ಹೊರಗೆ ತಂದು, ಬೂಟ್‌ಸ್ಟ್ರಾಪ್ ಮೂಲವನ್ನು ಎಸ್‌ಸಿಎಸ್‌ಎಸ್ ಪಕ್ಕದಲ್ಲೇ ಇಟ್ಟು, ಫೈಲ್ ಸೇವ್ ಮಾಡಿದ ಕೂಡಲೇ ಸಿಎಸ್‌ಎಸ್ ಬರುವ ಹಾಗೆ ಡಿಸೈನರ್‌ನ ಲ್ಯಾಪ್‌ಟಾಪ್‌ನಲ್ಲಿ ಮಾಡಿಕೊಡುತ್ತಿದ್ದೆ.